ಹತ್ತಿರದವರ ದ್ರೋಹ: ರತ್ನಗಿರಿ ಸೀಮೆಯ ಒಂದು ನೆನಪು

ನಂಬಿಕೆದ್ರೋಹ ಆಗುವುದು ಹತ್ತಿರದವರಿಂದ. ಸಂತೆಯಲ್ಲಿ ಜೇಬು ಕತ್ತರಿಸಿದವನ ಮೇಲೆ ಸಿಟ್ಟು ಬರುತ್ತದೆ, ನಾಲ್ಕು ದಿನಕ್ಕೆ ಆರುತ್ತದೆ. ಮನೆಯೊಳಗೆ ಬಂದು ಉಂಡವರು, ಮಗುವಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಎದ್ದು ಕೂತವರು ಮೋಸ ಮಾಡಿದರೆ ಅದು ಅಷ್ಟು ಬೇಗ ಆರುವುದಿಲ್ಲ. ದುಡ್ಡು ಹೋದ ಮೇಲೂ ಒಂದು ಕೇಡು ಒಳಗೆ ಉಳಿದುಬಿಡುತ್ತದೆ: ಮೋಸಹೋದವರಿಗೆ ತಮ್ಮ ಕಣ್ಣು, ಕಿವಿ, ನೆನಪುಗಳ ಮೇಲೇ ಅನುಮಾನ ಹುಟ್ಟುತ್ತದೆ. ‘ನಾನು ಕಂಡದ್ದು ನಿಜವೇ, ನನಗೇ ತಪ್ಪಾಗಿ ನೆನಪಿದೆಯೇ’ ಎಂದು ಕೇಳಿಕೊಳ್ಳುವ ಆ ಸ್ಥಿತಿಯಿಂದ ಹೊರಬರುವುದೇ ಚೇತರಿಕೆಯ ಬಹುಪಾಲು. ಇಲ್ಲಿರುವುದು ಹಾಗೆ ಹೊರಬಂದ ಒಬ್ಬ ಹೆಂಗಸಿನ ನೆನಪು. ಆಕೆ ರತ್ನಗಿರಿ ಕೋಟೆಯ ಆಸುಪಾಸಿನ ಹಳ್ಳಿಯವಳು.

ರತ್ನಗಿರಿ ಇರುವುದು ಮಡಕಶಿರಾ ಸೀಮೆಯ ರೊಳ್ಳ ಮಂಡಲದಲ್ಲಿ. ನಕ್ಷೆ ಬಿಡಿಸಿ ನೋಡಿದರೆ ಈ ಸೀಮೆ ಕರ್ನಾಟಕದೊಳಗೆ ಚಾಚಿಕೊಂಡ ಆಂಧ್ರದ ತುಂಡು. ಒಂದು ಕಡೆ ಶಿರಾ, ಇನ್ನೊಂದು ಕಡೆ ಮಧುಗಿರಿ, ಮತ್ತೊಂದು ಕಡೆ ಪಾವಗಡ. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದಾಗ ಮಡಕಶಿರಾ ಅದರ ಪಾಲಿಗೆ ಬಂತು. 2022ರ ಏಪ್ರಿಲ್‌ನಲ್ಲಿ ಹೊಸ ಜಿಲ್ಲೆಗಳಾದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆಯ ಹೆಸರು ಬದಲಾದರೂ ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡದ ಮನೆಗಳಲ್ಲಿ ಮಾತು ಕನ್ನಡದ್ದೇ. ಮಕ್ಕಳನ್ನು ಬೈಯುವುದು, ದೇವರಿಗೆ ಹರಕೆ ಹೊರುವುದು, ಸತ್ತವರನ್ನು ನೆನೆದು ಅಳುವುದು ಎಲ್ಲ ಕನ್ನಡದಲ್ಲಿ. ಆದರೆ ಪಹಣಿ, ರೇಷನ್ ಕಾರ್ಡು, ಬ್ಯಾಂಕಿನ ಅರ್ಜಿ, ಸಂಘದ ಪುಸ್ತಕ ತೆಲುಗಿನಲ್ಲಿ. ಈ ಕಥೆಯಲ್ಲಿ ಮೋಸ ನುಸುಳಿದ್ದು ಆ ಎರಡರ ನಡುವಿನ ಸಂದಿಯಿಂದ.

ಸಂಘವೆಂದರೆ ಇಲ್ಲಿ ಡ್ವಾಕ್ರಾ. 1982ರಲ್ಲಿ ಕೇಂದ್ರ ಸರ್ಕಾರ ಹಳ್ಳಿಯ ಹೆಂಗಸರಿಗಾಗಿ ಆರಂಭಿಸಿದ ಯೋಜನೆಯ ಹೆಸರು ಅದು. ಯೋಜನೆ ಮುಗಿದು ಅದರ ಜಾಗಕ್ಕೆ ಬೇರೆ ಬೇರೆ ಹೆಸರುಗಳು ಬಂದರೂ ಜನರ ಬಾಯಲ್ಲಿ ಡ್ವಾಕ್ರಾ ಡ್ವಾಕ್ರಾವಾಗಿಯೇ ಉಳಿದಿದೆ. 1990ರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಿಂದ ಎದ್ದ ಸಾರಾಯಿ ವಿರೋಧಿ ಚಳವಳಿ ಆಂಧ್ರದ ಹೆಂಗಸರನ್ನು ಒಟ್ಟುಗೂಡಿಸಿತು. ಗಂಡಂದಿರ ಕುಡಿತಕ್ಕೆ ಹೋಗುತ್ತಿದ್ದ ಪುಡಿಗಾಸನ್ನು ಉಳಿಸಿಡುವ ರೂಢಿಗೂ ಅದು ದಾರಿ ಮಾಡಿತು. 1992ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸತೊಡಗಿತು. ಹತ್ತು ಹನ್ನೆರಡು ಹೆಂಗಸರು ಸೇರಿ ಉಳಿತಾಯ ಕಟ್ಟುವುದು, ಇಬ್ಬರು ಲೀಡರುಗಳ ಸಹಿಯಲ್ಲಿ ಖಾತೆ ನಡೆಸುವುದು, ಸಭೆಯಲ್ಲಿ ತೀರ್ಮಾನ ಬರೆದು ಎಲ್ಲರೂ ಸಹಿ ಹಾಕಿ ಸಾಲ ತರುವುದು ಕ್ರಮ. ಹೊಲ, ಮನೆ, ಒಡವೆ ಯಾವುದನ್ನೂ ಅಡವಿಡಬೇಕಿಲ್ಲ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಭೂಮಿಯಿಲ್ಲದ, ಹೆಸರಿನಲ್ಲಿ ಏನೂ ಇಲ್ಲದ ಹೆಂಗಸರಿಗೆ ಬ್ಯಾಂಕಿನ ಬಾಗಿಲು ತೆರೆದದ್ದು ಈ ಏರ್ಪಾಟು. ಅದರ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕಾದ ಮಾತೆಂದರೆ, ಇಲ್ಲಿ ಅಡಮಾನಕ್ಕೆ ಇಟ್ಟಿರುವುದು ಪರಸ್ಪರ ನಂಬಿಕೆಯನ್ನೇ.

ಆಕೆ ಐದನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ತೆಲುಗು ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಗಂಡನಿಗೆ ಎರಡು ಎಕರೆಯಷ್ಟು ಜಮೀನು, ಅದರಲ್ಲಿ ಅರ್ಧ ಹಿಪ್ಪುನೇರಳೆ. ರೇಷ್ಮೆ ಹುಳ ಸಾಕಿ, ಗೂಡನ್ನು ಹಿಂದೂಪುರದ ಮಾರುಕಟ್ಟೆಗೆ ಹಾಕುವ ಮನೆ. ಸಂಘದ ಮೊದಲ ಲೀಡರ್ ಅದೇ ಬೀದಿಯ, ವಯಸ್ಸಿನಲ್ಲಿ ಸ್ವಲ್ಪ ಹಿರಿಯ ಹೆಂಗಸು. ಆಕೆ ಅವಳನ್ನು ಅಕ್ಕ ಎನ್ನುತ್ತಿದ್ದಳು. ಬಾಯಿಮಾತಿಗೆ ಕರೆದ ಅಕ್ಕನಲ್ಲ. ಆಕೆಯ ಎರಡನೇ ಹೆರಿಗೆಯಲ್ಲಿ ಶಿರಾದ ಆಸ್ಪತ್ರೆಯಲ್ಲಿ ಜೊತೆಗಿದ್ದವಳು, ತವರಿನವರು ಬರಲಾಗದ ಗೌರಿಹಬ್ಬಕ್ಕೆ ಬಾಗಿನ ತಂದುಕೊಟ್ಟವಳು. ಈ ಉಪಕಾರಗಳು ನಿಜವಾಗಿ ಆದವು. ಇದನ್ನು ಬಿಟ್ಟು ಕಥೆ ಹೇಳಿದರೆ ಆಕೆ ಯಾಕೆ ಅಷ್ಟು ಕಾಲ ಸುಮ್ಮನಿದ್ದಳು ಎಂಬುದು ಅರ್ಥವಾಗುವುದಿಲ್ಲ.

ಹಿಡಿತ ಬಿಗಿಯಾದದ್ದು ನಿಧಾನವಾಗಿ. ಮೊದಲು ಆಕೆಗೂ ವಾರಗಿತ್ತಿಗೂ ಮಾತು ನಿಂತಿತು. ‘ನಿನ್ನ ಮೇಲೆ ಅವಳು ಏನೇನು ಅಂತಾಳೆ ಗೊತ್ತಾ’ ಎಂದು ಅಕ್ಕ ಇಲ್ಲಿ ಹೇಳುತ್ತಿದ್ದಳು, ಅದೇ ಮಾತನ್ನು ತಿರುಗಿಸಿ ಅಲ್ಲಿ ಹೇಳುತ್ತಿದ್ದಳು. ಆಮೇಲೆ ಆಕೆಯ ಪಾಸ್‌ಬುಕ್ ಅಕ್ಕನ ಮನೆಯ ಟ್ರಂಕು ಸೇರಿತು. ಲೆಕ್ಕ ಕೇಳಿದರೆ, ‘ನಿಂಗ್ಯಾಕಮ್ಮ ಲೆಕ್ಕದ ಚಿಂತೆ, ನಾನಿಲ್ವಾ?’ ಎರಡನೇ ಸಲ ಕೇಳಿದರೆ ಮುಖ ಗಂಟಿಕ್ಕಿ ವಾರಗಟ್ಟಲೆ ಮಾತಿಲ್ಲ. ಆ ಮೌನ ಸಹಿಸಲಾಗದೆ ಆಕೆಯೇ ಹೋಗಿ ಸಮಾಧಾನ ಮಾಡಬೇಕು. ರಾಜಿಯಾದ ದಿನ ಅಕ್ಕ ತನ್ನ ಕೈಯಾರೆ ಒಬ್ಬಟ್ಟು ಮಾಡಿ ತಂದು ತಿನ್ನಿಸುವಳು. ಹೀಗೆ ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಮಾಡುತ್ತ ಹೋದರೆ ಎದುರಿನವರು ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ. ಸಂಘದ ತೀರ್ಮಾನಕ್ಕೆ ಸಹಿ ಹಾಕುವಾಗ ಹಾಳೆಯ ಮೇಲ್ಭಾಗ ಖಾಲಿ ಇರುತ್ತಿತ್ತು. ಅಂಕಿಗಳನ್ನು ಎಲ್ಲರೂ ಓದಬಲ್ಲವರೇ, ಆದರೆ ಓದಲು ಅಲ್ಲಿ ಅಂಕಿ ಇರಬೇಕಲ್ಲ. ‘ಆಮೇಲೆ ತೆಲುಗಿನಲ್ಲಿ ಬರೆಸ್ಕೊಂತೀನಿ, ನೀವು ಹಾಕಿ ಹೊಲಕ್ಕೆ ಹೋಗಿ’ ಎಂದರೆ ಹತ್ತು ಜನ ಸಹಿ ಹಾಕಿ ಎದ್ದು ಹೋಗುತ್ತಿದ್ದರು.

ಬಯಲಾದದ್ದು ಸಂಘಗಳ ಒಕ್ಕೂಟವಾದ ಸಮಾಖ್ಯದಿಂದ ಲೆಕ್ಕ ನೋಡಲು ಬಂದ ಸಿಸಿ (ಸಮುದಾಯ ಸಂಯೋಜಕರು), ಸದಸ್ಯರ ಬಾಕಿಯನ್ನು ಒಂದೊಂದೇ ಹೆಸರು ಹಿಡಿದು ಗಟ್ಟಿಯಾಗಿ ಓದಿದ ದಿನ. ಆಕೆ ಈಸಿಕೊಂಡದ್ದು ಇಪ್ಪತ್ತು ಸಾವಿರ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೀರಿಸಿಯೂ ಆಗಿತ್ತು. ಪುಸ್ತಕದಲ್ಲಿ ಇದ್ದದ್ದು ಐವತ್ತು ಸಾವಿರ, ಕಟ್ಟಿದ ಕಂತುಗಳ ಸುಳಿವೇ ಇಲ್ಲ. ಆಕೆ ಅಕ್ಕನ ಮುಖ ನೋಡಿದಳು. ಅಕ್ಕ ಒಂದು ಕ್ಷಣವೂ ತಡವರಿಸದೆ, ‘ನೀನೇ ಈಸ್ಕೊಂಡಿದ್ದಲ್ವೇನಮ್ಮ, ಹುಳದ ಮನೆಗೆ ಅಂತ. ಮರ್ತಿದೀಯ’ ಎಂದಳು. ಆ ಮಾತಿನಲ್ಲಿ ಎಷ್ಟು ಕನಿಕರವಿತ್ತೆಂದರೆ ಆಕೆಗೆ ನಿಜವಾಗಿಯೂ ಮರೆತಿರಬಹುದು ಅನ್ನಿಸಿತು. ಆ ರಾತ್ರಿ ಗಂಡನನ್ನು ಎಬ್ಬಿಸಿ, ‘ನಾವು ಇನ್ನೊಂದು ಸಲ ದುಡ್ಡು ತಂದಿದ್ವಾ?’ ಎಂದು ಕೇಳಿದಳು. ಮುಂದಿನ ಸಭೆಯಲ್ಲಿ ಪ್ರಶ್ನೆ ಎತ್ತಿದಾಗ ಅಕ್ಕ ಅತ್ತಳು, ಊರಮ್ಮನ ಗುಡಿಯಲ್ಲಿ ಆಣೆ ಮಾಡುತ್ತೇನೆಂದಳು, ಉಪಕಾರ ಮಾಡಿದವಳ ಮೇಲೆ ಕಳ್ಳತನ ಹೊರಿಸುತ್ತಿದ್ದಾಳೆ ಎಂದು ನೆರೆದವರ ಮುಂದೆ ಹೇಳಿಕೊಂಡಳು. ಸಭೆ ಮುಗಿಯುವ ಹೊತ್ತಿಗೆ ತಪ್ಪಿತಸ್ಥಳ ಜಾಗದಲ್ಲಿ ನಿಂತಿದ್ದವಳು ಮೋಸಹೋದವಳೇ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಜೆನ್ನಿಫರ್ ಫ್ರೈಡ್ 1990ರ ದಶಕದಲ್ಲಿ ಇಂಥ ಎರಡು ಸಂಗತಿಗಳನ್ನು ಸಿದ್ಧಾಂತವಾಗಿ ಮಂಡಿಸಿದರು. ಯಾರನ್ನು ಆಶ್ರಯಿಸಿ ಬದುಕು ನಡೆಯುತ್ತಿದೆಯೋ ಅವರೇ ದ್ರೋಹ ಮಾಡಿದಾಗ ಮನಸ್ಸು ಅದನ್ನು ಕಾಣದಂತೆ ಇರಲು ಯತ್ನಿಸುತ್ತದೆ, ಏಕೆಂದರೆ ಕಂಡರೆ ಆಸರೆಯೂ ಕಳಚುತ್ತದೆ ಎಂಬುದು ಒಂದು. ಸಿಕ್ಕಿಬಿದ್ದವರು ಮೊದಲು ಅಲ್ಲಗಳೆಯುತ್ತಾರೆ, ನಂತರ ಕೇಳಿದವರ ಮೇಲೆ ಹರಿಹಾಯುತ್ತಾರೆ, ಕೊನೆಗೆ ತಾವೇ ನೊಂದವರೆಂದು ಜಾಗ ಅದಲುಬದಲು ಮಾಡುತ್ತಾರೆ ಎಂಬುದು ಇನ್ನೊಂದು. ಅಮೆರಿಕದಲ್ಲಿ ಗುರುತಿಸಿದ ಈ ವರಸೆ ರೊಳ್ಳ ಮಂಡಲದ ಹಳ್ಳಿಯ ಜಗಲಿಯ ಮೇಲೆ ಅದೇ ಕ್ರಮದಲ್ಲಿ ನಡೆಯಿತು.

ಆಮೇಲಿನ ತಿಂಗಳುಗಳು ಕೆಟ್ಟವು. ಆಕೆಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ, ನೀರಿಗೆ ಹೋದರೆ ನಲ್ಲಿಯ ಹತ್ತಿರ ಮಾತು ನಿಂತುಬಿಡುತ್ತಿತ್ತು. ಈಗಾದರೆ ಇಂಥ ಹೊತ್ತಿಗೆ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ ಅದು, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುವವರು ಸಿಗುತ್ತಾರೆ. ಆಗ ಅದಿರಲಿಲ್ಲ. ಆಕೆಯನ್ನು ಹಿಡಿದು ನಿಲ್ಲಿಸಿದ್ದು ಹುಳ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ರೇಷ್ಮೆ ಹುಳ ಹಗಲು ರಾತ್ರಿ ಎನ್ನದೆ ಮೇಯುತ್ತದೆ. ಸೊಪ್ಪು ಕೊಯ್ದು, ಒದ್ದೆಯಿದ್ದರೆ ಆರಿಸಿ, ಹೊತ್ತುಹೊತ್ತಿಗೆ ಹರಡಬೇಕು. ಹಣ್ಣಾದ ಹುಳವನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನವಂತೂ ಮನೆಯವರೆಲ್ಲ ಕೂತರೂ ಸಾಲದು. ಅಳುತ್ತ ಕೂತರೆ ಬೆಳೆ ಕೈಬಿಡುತ್ತದೆ. ನಡುರಾತ್ರಿ ಸೊಪ್ಪು ಹಾಕಿ, ಸಾವಿರಾರು ಹುಳ ಒಟ್ಟಿಗೆ ಮೇಯುವ ಸಣ್ಣ ಮಳೆಯಂಥ ಸದ್ದಿನ ನಡುವೆ ಆಕೆ ಕೂತಿರುತ್ತಿದ್ದಳು. ದುಃಖದಲ್ಲಿರುವವರಿಗೆ ‘ವಿಶ್ರಾಂತಿ ತಗೋ’ ಎನ್ನುವುದು ಸುಲಭ. ಕೆಲವರನ್ನು ಉಳಿಸುವುದು ತಪ್ಪಿಸಲಾಗದ ಕೆಲಸವೇ.

ಎಲ್ಲಕ್ಕಿಂತ ನೋಯಿಸಿದ್ದು ಊರವರ ಪ್ರಶ್ನೆ: ‘ನೀನ್ಯಾಕೆ ಅಷ್ಟು ನಂಬಿದೆ?’ ಮೋಸ ಮಾಡಿದವಳನ್ನು ‘ಯಾಕೆ ಮಾಡಿದೆ’ ಎಂದು ಕೇಳಿದವರು ಕಡಿಮೆ. ಈ ಪ್ರಶ್ನೆಗೆ ರತ್ನಗಿರಿಯಲ್ಲಿ ಹಳೆಯ ಚರಿತ್ರೆಯೊಂದಿದೆ. ಶಿರಾ ಪಟ್ಟಣಕ್ಕೂ ಕೋಟೆಗೂ ಅಡಿಪಾಯ ಹಾಕಿದವನು ರತ್ನಗಿರಿಯ ನಾಯಕ ಕಸ್ತೂರಿ ರಂಗಪ್ಪ. ಕೋಟೆ ಮುಗಿಯುವ ಮೊದಲೇ, 1638ರ ಸುಮಾರಿಗೆ, ಬಿಜಾಪುರದ ರಣದುಲ್ಲಾ ಖಾನನ ದಂಡು ಈ ಸೀಮೆಗೆ ಬಂತು. ಶಿರಾದ ಮೇಲೆ ಬಿದ್ದ ಸರದಾರ ಅಫ್ಜಲ್ ಖಾನ್, ಶರಣಾಗತಿಯ ಮಾತಿಗೆಂದು ನಂಬಿ ಬಂದ ನಾಯಕನನ್ನು ಕೊಲ್ಲಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಶಿರಾ ಬಿಜಾಪುರಕ್ಕೆ ಸೇರಿತು, 1687ರಲ್ಲಿ ಮೊಗಲರದಾಗಿ ಅವರ ಸುಬಾದ ಕೇಂದ್ರವಾಯಿತು. ‘ನಾಯಕ ಯಾಕೆ ಹೋದ’ ಎಂದು ಕೇಳುವುದು ಇಲ್ಲೂ ಸುಲಭ. ಆದರೆ ಮಾತುಕತೆಗೆ ಕರೆದವರ ಬಳಿಗೆ ಹೋಗುವುದು ಯಾವ ಕಾಲಕ್ಕೂ ತಪ್ಪಲ್ಲ. ಮಾತು ಕೊಟ್ಟು ಕೊಲ್ಲುವುದು ತಪ್ಪು. ಈ ಘಟನೆಯಲ್ಲಿ ಇನ್ನೊಂದು ಅಂಶವಿದೆ. 1659ರಲ್ಲಿ ಅದೇ ಅಫ್ಜಲ್ ಖಾನ್ ಪ್ರತಾಪಗಡದ ಬುಡದಲ್ಲಿ ಶಿವಾಜಿಯನ್ನು ಮಾತುಕತೆಗೆ ಕರೆದಾಗ, ಶಿವಾಜಿ ಅಂಗಿಯೊಳಗೆ ಕವಚ ತೊಟ್ಟು ಹೋದ. ಅವನ ಎಚ್ಚರಕ್ಕೆ ಕಾರಣಗಳನ್ನು ಹೇಳುವಾಗ ಇತಿಹಾಸಕಾರ ಜದುನಾಥ ಸರ್ಕಾರ್ ಶಿರಾದ ಕೊಲೆಯನ್ನೂ ನೆನೆಯುತ್ತಾರೆ. ಒಬ್ಬನಿಗೆ ಆದ ದ್ರೋಹದ ಸುದ್ದಿ ಹರಡಿದ್ದರಿಂದ ಇನ್ನೊಬ್ಬ ಉಳಿದುಕೊಂಡ.

ಮುಚ್ಚಿಟ್ಟ ದ್ರೋಹದಿಂದ ದ್ರೋಹಿಗೇ ಲಾಭ ಎಂಬುದು ಆಕೆಗೆ ಹೊಳೆದದ್ದು ಪುಸ್ತಕದಿಂದಲ್ಲ, ವಾರಗಿತ್ತಿಯಿಂದ. ಹುಳ ಹಣ್ಣಾದ ದಿನ ಕೈ ಸಾಲದೆ ಗಂಡ ಹೋಗಿ ಅಣ್ಣನ ಮನೆಯವರನ್ನು ಕರೆದ. ವರ್ಷಗಳ ನಂತರ ಇಬ್ಬರೂ ಒಂದೇ ತಟ್ಟೆಯ ಹುಳ ಆರಿಸುತ್ತ ಕೂತರು. ಮಾತಿಗೆ ಮಾತು ಬಂದು, ಇಬ್ಬರ ಕಿವಿಗೂ ಒಂದೇ ಬಾಯಿಂದ ಬಂದ ಚಾಡಿಗಳು ಒಂದೊಂದಾಗಿ ಹೊರಬಿದ್ದವು. ಕಡೆಗೆ ವಾರಗಿತ್ತಿ, ‘ಆವತ್ತು ನೀನು ಇಪ್ಪತ್ತೇ ಎಣಿಸ್ಕೊಂಡಿದ್ದು. ನಾನೂ ಅಲ್ಲೇ ಇದ್ದೆ ಕಣೆ’ ಎಂದಳು. ಈ ಒಂದು ಮಾತಿನಿಂದ ಆಕೆಗೆ ತನ್ನ ನೆನಪು ತನಗೆ ವಾಪಸು ಸಿಕ್ಕಿತು. ಅಂದು ರಾತ್ರಿ ಆಕೆ ನಿದ್ದೆ ಮಾಡಿದಳು.

ನಂತರ ಆಕೆ ಕೈಗೆತ್ತಿಕೊಂಡದ್ದು ಮಗಳ ಒಂದನೇ ತರಗತಿಯ ತೆಲುಗು ವಾಚಕವನ್ನು. ಕನ್ನಡ ಓದುವವರಿಗೆ ತೆಲುಗು ಲಿಪಿ ಅಷ್ಟೇನೂ ದೂರವಲ್ಲ. ಗ, ನ, ಮ, ರ, ಲ ನೋಡಿದರೆ ಗುರುತು ಹತ್ತುತ್ತವೆ, ತಲೆಕಟ್ಟು ಮಾತ್ರ ಬೇರೆ. ಕ ಮತ್ತು ತ ಸ್ವಲ್ಪ ಕಾಲ ಕಾಡಿಸುತ್ತವೆ, ಒತ್ತಕ್ಷರಗಳು ಇನ್ನಷ್ಟು ಕಾಲ. ಸೊಪ್ಪು ಹಾಕಿದ ಮೇಲೆ ಸಿಗುವ ಬಿಡುವಿನಲ್ಲಿ ಮಗಳು ಹೇಳಿಕೊಟ್ಟಳು. ಪೊದುಪು (ಉಳಿತಾಯ), ಅಪ್ಪು (ಸಾಲ), ವಡ್ಡಿ (ಬಡ್ಡಿ), ತೀರ್ಮಾನಂ: ಆಕೆ ಮೊದಲು ಕಲಿತದ್ದು ಸಂಘದ ಪುಸ್ತಕದಲ್ಲಿ ಇರುವ ಈ ಪದಗಳನ್ನೇ. ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟು, ನೆನಪಿದ್ದ ಪ್ರತಿ ಕಂತನ್ನೂ ಯಾವ ಬೆಳೆಯ ಗೂಡು ಮಾರಿದ ದುಡ್ಡಿನಿಂದ ಕಟ್ಟಿದ್ದೆಂದು ಜೋಡಿಸಿ ಕನ್ನಡದಲ್ಲಿ ಬರೆದಳು. ಹಿಂದೂಪುರದ ಮಾರುಕಟ್ಟೆಯ ಚೀಟಿಗಳು ಗೋಡೆಯ ಮೊಳೆಗೆ ಚುಚ್ಚಿದ್ದು ಇದ್ದವು, ಅವುಗಳಿಂದ ದಿನಾಂಕ ಸಿಕ್ಕಿತು.

ಆಘಾತದಿಂದ ಚೇತರಿಸಿಕೊಳ್ಳುವುದರ ಬಗ್ಗೆ ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಪ್ರಕಟಿಸಿದ ಪುಸ್ತಕ ಮೂರು ಘಟ್ಟಗಳನ್ನು ಗುರುತಿಸುತ್ತದೆ: ಮೊದಲು ಸುರಕ್ಷಿತವಾಗುವುದು, ನಂತರ ನಡೆದದ್ದನ್ನು ನೆನೆದು ದುಃಖಿಸುವುದು, ಆಮೇಲೆ ಜನರೊಡನೆ ಮತ್ತೆ ಬೆರೆಯುವುದು. ಆಕೆಯ ವಿಷಯದಲ್ಲಿ ಈ ಘಟ್ಟಗಳು ಸರದಿಯಲ್ಲಿ ಬರಲಿಲ್ಲ. ಜನ ಮೊದಲು ಬಂದರು, ಸುರಕ್ಷೆ ಆಮೇಲೆ. ನೆನೆಯುವುದಂತೂ ಲೆಕ್ಕದ ರೂಪದಲ್ಲಿ ನಡೆಯಿತು. ಆದರೂ ನಡೆದದ್ದನ್ನು ನಡೆದ ಹಾಗೆ ಬರೆದಿಡುವುದರಲ್ಲಿ ಬಲವಿದೆ ಎಂಬುದಕ್ಕೆ ಕನ್ನಡದಲ್ಲೇ ದೊಡ್ಡ ಸಾಕ್ಷಿಯಿದೆ. ಪತ್ರಕರ್ತೆ ವಿಜಯಾ ಅವರು ಮದುವೆಯೊಳಗೆ ಉಂಡ ಹಿಂಸೆಯನ್ನು ಯಾವ ಮುಚ್ಚುಮರೆಯೂ ಇಲ್ಲದೆ ‘ಕುದಿ ಎಸರು’ ಆತ್ಮಕಥೆಯಲ್ಲಿ ಬರೆದರು. 2019ರ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಮನೆಯ ಮರ್ಯಾದೆಯ ಹೆಸರಿನಲ್ಲಿ ಹೆಂಗಸರು ನುಂಗಿಕೊಂಡದ್ದು ಹೀಗೆ ಬರಹವಾಗಿ ಬಂದಾಗ, ಓದುವ ಇನ್ನೊಬ್ಬಳಿಗೆ ತಾನು ಒಂಟಿಯಲ್ಲ ಎಂಬುದು ತಿಳಿಯುತ್ತದೆ.

ನೋಟ್‌ಬುಕ್ಕಿನೊಂದಿಗೆ ಆಕೆ ಅಕ್ಕನ ಮನೆಗೆ ಹೋಗಲಿಲ್ಲ. ಇದು ಆಕೆ ಮಾಡಿದ ಅತ್ಯಂತ ಸರಿಯಾದ ಕೆಲಸ. ಒಬ್ಬರೇ ಇದ್ದಾಗ ಎದುರಾದರೆ ಇಂಥವರ ಕಣ್ಣೀರು, ಕೋಪ, ಹಳೆಯ ಉಪಕಾರದ ಪಟ್ಟಿ ಎಲ್ಲ ಮತ್ತೆ ಶುರುವಾಗುತ್ತವೆ. ವಾರಗಿತ್ತಿಯನ್ನು ಜೊತೆಗೆ ಕರೆದುಕೊಂಡು ಆಕೆ ಸಂಘದ ಉಳಿದ ಹೆಂಗಸರ ಮನೆಗಳಿಗೆ ಹೋದಳು. ‘ನಿಮ್ಮ ಹೆಸರಿನಲ್ಲಿ ಎಷ್ಟಿದೆ ನೋಡೋಣ’ ಎಂದಷ್ಟೇ ಕೇಳಿದಳು. ಇನ್ನೂ ಇಬ್ಬರ ಲೆಕ್ಕದಲ್ಲಿ ವ್ಯತ್ಯಾಸ ಕಂಡಿತು. ಅವರೂ ತಮಗೇ ಮರೆತಿರಬೇಕೆಂದು ಸುಮ್ಮನಿದ್ದವರು. ಮೂವರೂ ಸೇರಿ, ಊರಿನ ಸಂಘಗಳೆಲ್ಲ ಕೂಡಿದ ಗ್ರಾಮ ಸಂಘಕ್ಕೆ ಅರ್ಜಿ ಬರೆದರು. ಪುಸ್ತಕ ತರಿಸಿ ಎಲ್ಲರೆದುರು ಓದುವಾಗ, ಓದುತ್ತಿದ್ದವರು ಒಂದು ಸಾಲು ಬಿಟ್ಟು ಮುಂದೆ ಹೋದರು. ‘ಆ ಸಾಲು ಬಿಟ್ರಲ್ಲ, ಅದನ್ನೂ ಓದಿ’ ಎಂದು ಆಕೆ ಬೆರಳಿಟ್ಟು ತೋರಿಸಿದಳು. ಸಭೆಯಲ್ಲಿದ್ದವರಿಗೆ ಆಕೆ ತೆಲುಗು ಓದಬಲ್ಲಳೆಂದು ಗೊತ್ತಾದದ್ದು ಆಗ.

ಪೊಲೀಸರ ಬಳಿ ಹೋಗುವ ದಾರಿಯೂ ಇತ್ತು. ನಂಬಿ ಕೊಟ್ಟ ಹಣವನ್ನು ಸ್ವಂತಕ್ಕೆ ಬಳಸಿಕೊಳ್ಳುವುದು ಅಪರಾಧಿಕ ನಂಬಿಕೆದ್ರೋಹ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಅದಕ್ಕೆ ಸಂಬಂಧಿಸಿದ್ದು, ಅದಕ್ಕೆ ಮೊದಲು ಭಾರತೀಯ ದಂಡ ಸಂಹಿತೆಯ 405 ಮತ್ತು ಮುಂದಿನ ಕಲಂಗಳಿದ್ದವು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರು ಸಿಗುತ್ತಾರೆ. ಇದು ಹಳ್ಳಿಗಳಲ್ಲಿ ಎಷ್ಟೋ ಜನಕ್ಕೆ ತಿಳಿದಿಲ್ಲ, ತಿಳಿದಿರಬೇಕಾದದ್ದು. ಮೂವರೂ ಹೆಂಗಸರು ದೂರಿನ ಮಾತು ಎತ್ತಿದ್ದರಿಂದಲೇ ಅಕ್ಕನ ಗಂಡನ ಮನೆಯವರು ರಾಜಿಗೆ ಬಂದರು. ಬರೆದುಕೊಟ್ಟ ಒಪ್ಪಂದದಂತೆ ಹಣದ ಒಂದು ಪಾಲು ಕಂತಿನಲ್ಲಿ ಬಂತು. ಇನ್ನೊಂದು ಪಾಲು ಬರಲೇ ಇಲ್ಲ. ಸಂಘದ ಸಾಲಕ್ಕೆ ಎಲ್ಲರೂ ಹೊಣೆಯಾದ್ದರಿಂದ ಅದನ್ನು ಆಕೆ ಮತ್ತು ಉಳಿದ ಹೆಂಗಸರು ಗೂಡು ಮಾರಿ, ಕೂಲಿ ಮಾಡಿ ತೀರಿಸಿದರು. ನ್ಯಾಯ ಪೂರ್ತಿ ಸಿಕ್ಕಿತೆಂದು ಹೇಳಲಾಗದು.

ಅಕ್ಕ ತಪ್ಪೊಪ್ಪಿಕೊಳ್ಳಲಿಲ್ಲ. ಆ ಒಂದು ಮಾತಿಗಾಗಿ ಆಕೆ ಬಹಳ ಕಾಲ ಕಾದಳು. ದುಡ್ಡಿಗಿಂತ ಹೆಚ್ಚಾಗಿ ಬೇಕಿದ್ದುದು, ‘ಹೌದಮ್ಮ, ನಾನೇ ಮಾಡಿದೆ’ ಎಂಬ ಮಾತು. ಕಾಯುವುದನ್ನು ಬಿಟ್ಟ ಮೇಲೆ ಆಕೆ ಹಗುರಾದಳು. ಒಂದೇ ಬೀದಿಯಲ್ಲಿ ಇರುವವರು ಪರಸ್ಪರ ತಪ್ಪಿಸಿಕೊಂಡು ಬದುಕಲಾಗದು. ಮದುವೆ, ಸಾವು, ಜಾತ್ರೆಗಳಲ್ಲಿ ಇಬ್ಬರೂ ಎದುರಾಗುತ್ತಾರೆ. ಕೇಳಿದಷ್ಟಕ್ಕೆ ಉತ್ತರ ಕೊಡುವುದು, ಮನೆಯೊಳಕ್ಕೆ ಕರೆಯದಿರುವುದು, ಹಣದ ವ್ಯವಹಾರ ಇಟ್ಟುಕೊಳ್ಳದಿರುವುದು ಆಕೆ ಹಾಕಿಕೊಂಡ ಕಟ್ಟುಪಾಡು. ಊರಿನ ಹಿರಿಯರು ‘ಹಳೇದು ಮರೆತುಬಿಡಮ್ಮ’ ಎಂದಾಗ ಆಕೆ ಮರೆಯುವುದಿಲ್ಲ ಎಂದೇ ಹೇಳಿದಳು. ಹೆರಿಗೆಯ ದಿನ ಅವಳು ಜೊತೆಗಿದ್ದುದನ್ನೂ ಆಕೆ ಮರೆತಿಲ್ಲ. ಅದು ನಿಜ, ಇದೂ ನಿಜ ಎನ್ನುತ್ತಾಳೆ. ಎರಡನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಳ್ಳುವುದು, ಒಬ್ಬರನ್ನು ಪೂರ್ತಿ ರಾಕ್ಷಸಿಯೆಂದು ತಳ್ಳಿಹಾಕುವುದಕ್ಕಿಂತ ಕಷ್ಟದ ಕೆಲಸ.

ಸಂಘದಲ್ಲಿ ಈಗ ಲೀಡರುಗಳು ಬೇರೆ. ಸಹಿ ಹಾಕುವ ಮೊದಲು ತೀರ್ಮಾನವನ್ನು ತೆಲುಗಿನಲ್ಲಿ ಒಮ್ಮೆ ಓದಿ, ಕನ್ನಡದಲ್ಲಿ ಒಮ್ಮೆ ಹೇಳುವುದು ಕಟ್ಟಳೆಯಾಗಿದೆ. ಖಾಲಿ ಹಾಳೆಗೆ ಯಾರೂ ಸಹಿ ಹಾಕುವುದಿಲ್ಲ. ಪಾಸ್‌ಬುಕ್ಕುಗಳು ಅವರವರ ಮನೆಯಲ್ಲಿವೆ. ಓದುವ ಕೆಲಸ ಆಕೆಯದು, ಆಕೆಗೆ ಬಿಡುವಿಲ್ಲದ ದಿನ ವಾರಗಿತ್ತಿಯದು. ಅವಳಿಗೂ ಅಕ್ಷರ ಕಲಿಸಿದ್ದು ಆಕೆಯ ಮಗಳೇ.